ಬುಧವಾರದ ಅಪ್ಪಂದಿರು

ಲೇವಾರ್ಡನ್
೧೪ ಮಾರ್ಚ್ ೨೦೨೪

ಪ್ರಿಯ ಔಕೆ,

ಬೇರೆಯಾಗಿ ಆರು ವರ್ಷವಾದ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ಒಂದು ವಿಷಯ ತಲೆ ಕೊರೆಯುತ್ತಿದೆ. ಹಾಲಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ನಿನ್ನನ್ನಲ್ಲದೆ ಇನ್ನಾರನ್ನು ಕೇಳಲಿ?

ಈಗ ನಾನು ಅಂಕಿಅಂಶ ಕಚೇರಿಗಾಗಿ ಮನೆ ಮನೆ ಸುತ್ತುತ್ತೇನೆ. ಹೋದ ವಾರ ಎಷ್ಟು ಗಂಟೆ ಕೆಲಸ ಮಾಡಿದಿರಿ, ಇನ್ನೂ ಹೆಚ್ಚು ಬೇಕಿತ್ತೇ ಎಂದು ಕೇಳಿ ಬರೆದುಕೊಳ್ಳುವುದು. ಗಂಟೆಗಳು ಇಳಿಯುತ್ತಲೇ ಇವೆ. ನಮ್ಮ ದೇಶದಲ್ಲಷ್ಟೇ ಅಲ್ಲ, ಜರ್ಮನಿ, ಆಸ್ಟ್ರಿಯಾಗಳಲ್ಲೂ. ನಮ್ಮ ಮೇಲಧಿಕಾರಿ ಫೊಪ್ಪೆ, "ಈಗಿನ ಹುಡುಗರಿಗೆ ಮೈ ಬಗ್ಗೊಲ್ಲ, ಅಷ್ಟೇ" ಅನ್ನುತ್ತಾನೆ. ಕೆಲಸ ಸಿಗುತ್ತಿಲ್ಲವೇನೋ ಎಂದುಕೊಂಡಿದ್ದೆ ನಾನು. ನನ್ನ ಫಾರಂಗಳು ಎರಡನ್ನೂ ಒಪ್ಪುತ್ತಿಲ್ಲ. ಹೆಚ್ಚು ಗಂಟೆ ಬೇಕೆನ್ನುವವರೇ ಅಪರೂಪ. ಕಡಿಮೆ ಮಾಡಿಕೊಂಡವರಲ್ಲಿ ಎದ್ದು ಕಾಣುವವರು ಚಿಕ್ಕ ಮಕ್ಕಳ ಅಪ್ಪಂದಿರು!

ನಿನ್ನೆ ಸೀಬ್ರೆನ್ ಎಂಬ ಹೆಂಚು ಹೊದಿಸುವವನ ಮನೆಗೆ ಹೋಗಿದ್ದೆ. ಬುಧವಾರ, ಹಗಲು ಹನ್ನೊಂದು ಗಂಟೆ. ಗಟ್ಟಿಮುಟ್ಟಾದ ಗಂಡಸು ಮಗಳ ತಲೆ ಬಾಚುತ್ತಾ ಕೂತಿದ್ದ. ಕೆಲಸವಿಲ್ಲವೇ ಎಂದೆ.

"ಕೆಲ್ಸಕ್ಕೇನ್ ಬರ ಮೇಡಂ, ಊರ ತುಂಬಾ ಸೂರು ಸೋರ್ತಿದೆ! ನಾಲ್ಕು ದಿನ ದುಡಿದ್ರೆ ನಮಗೆ ಸಾಕಾಗುತ್ತೆ. ನಮ್ಮಪ್ಪನ ಕಾಲದಲ್ಲಿ ಸಾಕಾಗ್ತಿರ್ಲಿಲ್ಲ. ಹೆಂಡ್ತಿ ಒಂದು ದಿನ ಜಾಸ್ತಿ ಮಾಡ್ಕೊಂಡ್ಲು, ನಾನು ಒಂದು ದಿನ ಬಿಟ್ಟೆ."

ಮಾಲೀಕರು ಬೈಯಲಿಲ್ಲವೇ ಎಂದು ಕೇಳಿದರೆ ನಕ್ಕ. "ಬೈದ್ರು. ಆದ್ರೆ ಹೆಂಡ್ತಿನೇ 'ಬಾ, ಮನೇಲಿರು' ಅಂದ್ಲಲ್ಲ!"

ನನ್ನ ಪೆನ್ನು ಅಲ್ಲೇ ನಿಂತಿತು.

ನಮ್ಮ ಮಗಳು ರೆನ್ಸ್ಕೆಗೆ ಮೂರು ವರ್ಷವಿದ್ದಾಗ ನೀನು ಕಾರ್ಖಾನೆಯಿಂದ ಒಂದು ಕಾಗದ ತಂದಿದ್ದೆ: ಬೇಕಾದವರು ಶುಕ್ರವಾರ ಬಿಡುವು ಪಡೆಯಬಹುದು ಎಂದು. ಆಲೂಗಡ್ಡೆ ಹೆಚ್ಚುತ್ತಿದ್ದ ನಾನು ತಲೆಯೆತ್ತದೆ, "ಮನೇಲಿದ್ದು ಏನ್ ಕಡಿದು ಕಟ್ಟೆ ಹಾಕ್ತೀಯ?" ಅಂದೆ. ನೀನು ಕಾಗದ ಮಡಚಿ ಜೇಬಿಗಿಟ್ಟುಕೊಂಡೆ. ಹಣದ ಚಿಂತೆಯಿಂದ ಹಾಗಂದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಮನೆ, ಮಗು ಎರಡೂ ನನ್ನವಾಗಿದ್ದವು. ನಿನಗೆ ಪಾಲು ಕೊಡಲು ಮನಸ್ಸಿರಲಿಲ್ಲ. ಆಮೇಲೆ, ಕಾರ್ಖಾನೆಯೇ ನಿನ್ನ ಮನೆ ಎಂದು ಜಗಳ ತೆಗೆದವಳೂ ನಾನೇ.

ಆ ಶುಕ್ರವಾರಗಳು ಸಿಕ್ಕಿದ್ದರೆ ನೀನು ಏನು ಮಾಡುತ್ತಿದ್ದೆ, ಔಕೆ? ಈ ಪ್ರಶ್ನೆಗೆ ನಮ್ಮ ಫಾರಂನಲ್ಲಿ ಜಾಗವಿಲ್ಲ. ಬೈದಾದರೂ ಸರಿ, ಬರೆ.

ಇಂದಿಗೂ ನಿನ್ನ ಮನೆತನದ ಹೆಸರನ್ನೇ ಇಟ್ಟುಕೊಂಡಿರುವ,
ಹಿಲ್ಜೆ

ತಾ.ಕ.: ಬಿಡುವು ಬೇಡವೆಂದದ್ದು ನೀನೇ ಎಂದು ರೆನ್ಸ್ಕೆಗೆ ಇಷ್ಟು ವರ್ಷವೂ ಹೇಳುತ್ತಾ ಬಂದೆ. ಅವಳು ನಿನ್ನ ಬಾಗಿಲು ತುಳಿಯದಿರುವುದಕ್ಕೆ ಅದೂ ಕಾರಣ. ಇವತ್ತು ಬೆಳಿಗ್ಗೆ ನಿಜ ಹೇಳಿದೆ. ನಿನ್ನ ವಿಳಾಸ, ಶನಿವಾರದ ರೈಲಿನ ಸಮಯ ಎರಡನ್ನೂ ಬರೆದುಕೊಂಡು ಹೋದಳು. ಶನಿವಾರ ಮನೆಯಲ್ಲಿರು.