ವಿಸಿಲ್ಲಿಗೂ ಉಸಿರು ಬೇಕು

೧೪ ಆಗಸ್ಟ್ ೨೦೦೬, ಸೋಮವಾರ

ಆಸ್ಪತ್ರೆಯಲ್ಲಿ ಭಾಮೈದ ಚಿಕ್ಕರಾಜು ಆಡಿದ ಮಾತು ಇನ್ನೂ ಕೊರೆಯುತ್ತಿದೆ. "ಭಾವ, ಧ್ವನಿಪೆಟ್ಟಿಗೆ ತೆಗೆಸ್ಬಿಡಿ. ಕಂಡಕ್ಟರ್‌ಗೆ ವಿಸಿಲ್ ಇದ್ರೆ ಸಾಕಲ್ವಾ?"

ಒಂದು ಸಲ ಊದಿದರೆ ಬಸ್ಸು ನಿಲ್ಲುತ್ತದೆ, ಎರಡು ಸಲ ಊದಿದರೆ ಹೊರಡುತ್ತದೆ. ನನ್ನ ಕೆಲಸ ಅಷ್ಟೇ ಎಂದುಕೊಂಡಿದ್ದಾನೆ. ಸುಂಕದಕಟ್ಟೆಯಲ್ಲಿ ಫುಟ್‌ಬೋರ್ಡಿಗೆ ನೇತುಬೀಳುವವರನ್ನು ಒಳಗೆ ಕಳಿಸಲು ಇವನು ಬಂದು ಕೂಗುತ್ತಾನಾ?

ಡಾಕ್ಟರೇ ಅವನಿಗೆ ಹೇಳಿದರು: "ತೆಗೆದ್ರೆ ಇವರು ಉಸಿರಾಡೋದು ಕುತ್ತಿಗೇಲಿ ಮಾಡೋ ತೂತಿಂದ. ವಿಸಿಲ್ಲೂ ಊದೋಕಾಗಲ್ಲ." ಅವನು ಫ್ಯಾನ್ ನೋಡುತ್ತ ಕೂತ.

ಗಂಟಲಿನ ಕ್ಯಾನ್ಸರ್ ತುಂಬಾ ಬೆಳೆದಿದೆಯಂತೆ. ಕೀಮೋ, ರೇಡಿಯೇಷನ್ ಎರಡನ್ನೂ ಕೊಟ್ಟು ಪೆಟ್ಟಿಗೆ ಉಳಿಸಲು ನೋಡಬಹುದು, ಆದರೆ ಗ್ಯಾರಂಟಿ ಇಲ್ಲ, ಮತ್ತೆ ಬಂದರೆ ತೆಗೆಯಲೇಬೇಕು ಎಂದರು. ಹೆಂಡತಿ ಕುಸುಮಾ ನನ್ನ ಮುಖ ನೋಡಿದಳು. ಈ ಒಡಕು ದನಿಯಲ್ಲೇ ಹೇಳಿದೆ: "ಉಳಿಸಿ ಸಾರ್. ಆಮೇಲಿಂದು ಆಮೇಲೆ ನೋಡೋಣ."

ಈಗ ಬ್ಯಾಗಿನಿಂದ ವಿಸಿಲ್ ತೆಗೆದು ಊದಿದೆ. ಮಲಗಿದ್ದ ಕುಸುಮಾ ಗಾಬರಿಯಿಂದ ಎದ್ದಳು. "ಏನ್ರೀ ಇದು, ಈ ಹೊತ್ನಲ್ಲಿ? ಸಾಕು, ಮಲಕ್ಕೊಳ್ಳಿ."

ಒಂದಕ್ಕೇ ಬಿಟ್ಟರೆ ನಿಲ್ಲಿಸಿದ ಹಾಗಾಗುತ್ತದೆ. ಇನ್ನೊಂದು ಸಲ ಊದಿದೆ.