ಮೂರು ಮನೆಗೆ ಶೇವಂತಿ

ಬನಹಟ್ಟಿ
ತಾ. ೧೪-೯-೧೯೫೩

ತೀರ್ಥರೂಪ ಅಣ್ಣ ಬಸಗೊಂಡಪ್ಪನಿಗೆ ಮಹಾಲಿಂಗನ ಸಾಷ್ಟಾಂಗ. ಖರೇ ಸಾಷ್ಟಾಂಗ; ಕುರ್ಚಿಯ ಕಾಲು ಮುರಿದಿದೆ, ನೆಲದ ಮೇಲೆ ಬೋರಲು ಬಿದ್ದೇ ಬರೆಯುತ್ತಿದ್ದೇನೆ. ತಡವಾಯಿತು, ಬಯ್ಯಬೇಡ. ನಿನ್ನದು ಪಾತ್ರ, ನನ್ನದು ಪತ್ರ; ನಡುವೆ ಒಂದು ದೀರ್ಘದ ಅಂತರ, ಆದರೆ ಚಪ್ಪಾಳೆಯೆಲ್ಲ ನಿನಗೇ.

ಅವ್ವ ಆರಾಮ. ಶೇವಂತಿ ವೈನಿಯ, ಅಂದರೆ ನೀನು ಕಟ್ಟಿಕೊಂಡವರ, ವಿಷಯಕ್ಕೇ ಬರುತ್ತಿದ್ದೇನೆ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಹೂಡುವುದಿಲ್ಲವಲ್ಲ, ಅಂದು ಇಡೀ ಮನೆ ವಾರಪತ್ರಿಕೆಯ ಪದಬಂಧಕ್ಕೆ ಕೂಡುತ್ತದೆ. ನಾನು ಓದುವವನು, ಅವ್ವ ಜೋರಾಗಿ ತಪ್ಪು ಹೇಳುವವಳು, ವೈನಿ ನಗುವವರು. ಈ ಸಲದ ವಿಷಯ ‘ಕಲಾವಿದರು ಮತ್ತು ಅವರ ಸ್ಫೂರ್ತಿ’. ಒಬ್ಬ ಗವಾಯಿಗೆ ರಾಟಿಯ ಸದ್ದು, ಒಬ್ಬ ಶಿಲ್ಪಿಗೆ ಹೊಳೆ. ಆಮೇಲೆ ಬಂತು ನೋಡು: ‘ಮೇಲಿನಿಂದ ಕೆಳಕ್ಕೆ. ನಟ ಬಸಗೊಂಡಪ್ಪನವರು ಸ್ತ್ರೀಪಾತ್ರದಲ್ಲಿ ಸೆರಗು ಹೊಸೆಯುವ ಭಂಗಿಗೆ ಸ್ಫೂರ್ತಿ. ಮೂರು ಅಕ್ಷರ.’

ಸಿಟ್ಟು ಬಂದಾಗ ಸೆರಗಿನ ತುದಿಯನ್ನು, ಹರಿದ ಎಳೆ ಕೂಡಿಸುವವರ ಹಾಗೆ, ಎರಡು ಬೆರಳಲ್ಲಿ ಹೊಸೆಯುವವರು ಈ ಮನೆಯಲ್ಲಿ ಯಾರು? ನೀನು ಅವರದೇ ಸೀರೆ ಉಟ್ಟು ಮಗ್ಗದ ಕೋಣೆಯಲ್ಲಿ ತಾಲೀಮು ಮಾಡುವಾಗ, ‘ಹಂಗಲ್ರಿ, ಬೆರಳ ಮೆತ್ತಗಿರ್ಲಿ. ಸಿಟ್ಟೆಲ್ಲಾ ತುದಿಗೆ ಬರಬೇಕು’ ಎಂದು ತಿದ್ದಿದವರು ಯಾರು?

‘ಲೇ ಮಾಲಿಂಗ್ಯಾ, ಬರೀ ಶೇವಂತಿ ಅಂತ! ಮೂರ ಮನಿಗೆ ಬರೋಬರಿ ಆತು,’ ಅಂದಳು ಅವ್ವ, ಪದಬಂಧದ ಖಾಲಿ ಚೌಕಗಳ ಮೇಲೆ ಬೆರಳಿಟ್ಟು.

‘ಏ, ಬ್ಯಾಡ್ರಿ! ಮಂದೆಲ್ಲಾ ಓದ್ತಾರ,’ ಎಂದು ವೈನಿ ಪೆನ್ಸಿಲ್ಲಿಗೇ ಕೈ ಹಾಕಿದರು. ಆದರೆ ಮುಖ ಲಗ್ನದ ದಿನದ ಹಾಗೆ ಕೆಂಪಗಾಗಿತ್ತು. ಬರೆದು ಅಂಚೆಗೆ ಹಾಕಿದೆ. ಆ ವಾರವೆಲ್ಲ, ಅವ್ವನ ಬಾಯಿಂದ ಸುದ್ದಿ ಕೇಳಿದ ಓಣಿಯ ಹೆಂಗಸರು ‘ಪ್ಯಾಪರಿನಾಕಿ ಬಂದ್ಲು, ಜಾಗಾ ಬಿಡ್ರೆವ್ವಾ’ ಎಂದು ಕಾಡಿದರು. ವೈನಿ ಬೇಡವೆನ್ನುತ್ತಲೇ ಕಾಡಿಸಿಕೊಂಡರು.

ಮುಂದಿನ ಸಂಚಿಕೆಯಲ್ಲಿ ಉತ್ತರ ಬಂತು: ಕಲ್ಪನೆ. ಕೆಳಗೆ ನಿನ್ನದೇ ಮಾತು: ‘ಆ ಭಂಗಿಯನ್ನು ನಾನು ಯಾರಿಂದಲೂ ಕಲಿತದ್ದಲ್ಲ. ಅದು ನನ್ನ ಸ್ವಂತ ಕಲ್ಪನೆ.’

‘ಯಾರ್ಲೇ ಈ ಕಲ್ಪನಾ? ಯಾ ಊರಾಕಿ?’ ಎಂದು ಅವ್ವ ಎದ್ದೇ ನಿಂತಳು.

‘ಊರಿಲ್ಲ, ಕೇರಿಲ್ಲ ಬೇ. ಅಣ್ಣನ ತಲ್ಯಾಗ ಇರ್ತಾಳ,’ ಅಂದೆ. ವೈನಿ ನಮ್ಮೆಲ್ಲರಿಗಿಂತ ಹೆಚ್ಚು ನಕ್ಕರು. ನಕ್ಕು, ಒಳಗೆ ಹೋಗಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಕುಳಿತರು.

ಅಣ್ಣಾ, ನೀನು ಸುಳ್ಳುಗಾರನಲ್ಲ, ಮರೆಗುಳಿ. ದೀಪದ ಬೆಳಕು ಮುಖಕ್ಕೆ ಬಿದ್ದವನಿಗೆ ಎದುರು ಕುಳಿತವರು ಕಾಣುವುದಿಲ್ಲವಂತೆ. ಪತ್ರಿಕೆಯವರಿಗೆ ಒಂದು ಸಾಲು ಬರೆ. ಅದಕ್ಕೂ ಮೊದಲು ವೈನಿಗೆ ಬರೆ. ದಸರೆಗೆ ನೀನೇ ಬಂದರೆ ಇನ್ನೂ ಛಲೋ. ನಾಟಕ ಕಂಪನಿಯ ನಾಯಕಿ ಎರಡು ದಿನ ಗಂಡಸಾಗಿ ಮನೆಯಲ್ಲಿರಲಿ.

ಅವ್ವನ ಆಶೀರ್ವಾದ, ಅವಳ ಮಾತಿನಲ್ಲೇ: ‘ದನಿ ಹಿಂಗ ಇರ್ಲಿ. ಬುದ್ಧಿ ಅಷ್ಟ ಬದಲಾಗ್ಲಿ.’

ನಿನ್ನ ತಮ್ಮ,
ಮಹಾಲಿಂಗಪ್ಪ

ತಾ.ಕ.: ನಗಿಸಿ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ನಿನ್ನೆ ನೆರೆಮನೆಯ ಅನಸವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದರು. ಹೆಂಗಸರು ವೈನಿಯನ್ನು ತಡೆದು, ಗಂಡನ ಹೆಸರನ್ನು ಪ್ರಾಸದ ಪದ್ಯದಲ್ಲಿ ಹೆಣೆದು ಹೇಳುವ ಒಡಪು ಕೇಳಿದರಂತೆ. ನಿನ್ನ ಹೆಸರನ್ನು ಒಡಪಿನ ಹೊರತು ಎಂದೂ ಬಾಯಿಗೆ ತಾರದವರು, ಪ್ರತಿ ಸಲ ಹೊಸದೊಂದು ಕಟ್ಟಿ ಹೇಳುತ್ತಿದ್ದವರು, ನಿನ್ನೆ ‘ಬಸಗೊಂಡಪ್ಪ’ ಅಂದರಂತೆ. ಅಷ್ಟೇ. ಗೋಡೆಯ ಮೇಲಿನ ನಾಟಕದ ಜಾಹೀರಾತು ಓದಿದ ಹಾಗೆ.