ಸೊಸೆಯ ಟ್ರಾಮಿನಲ್ಲಿ

ಮಾರ್ಚ್ ೧೪, ಶುಕ್ರವಾರ
ಸೊಸೆಯ ಕೋಣೆ, ಮಧ್ಯಾಹ್ನ

ಇವಳೇ,

ಚೆನ್ನಾಗಿದ್ದೀಯಾ? ಮಂಡಿನೋವು ಹೇಗಿದೆ? ಇಳಿದ ದಿನವೇ ಕಾಗದ ಹಾಕುತ್ತೇನೆ ಎಂದು ಮಾತು ಕೊಟ್ಟು ಬಂದವನು ವಾರ ಕಳೆದ ಮೇಲೆ ಪೆನ್ನು ಹಿಡಿದಿದ್ದೇನೆ. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಮುಂದಿನದನ್ನು ಸಮಾಧಾನವಾಗಿ ಓದಬೇಕು. ಫೋನು ಇತ್ತಲ್ಲ ಎನ್ನಬೇಡ. ನೀನು ಆ ಕಡೆಯಿಂದ ‘ಹೇಳಿದ್ರಾ, ಹೇಳಿದ್ರಾ’ ಎಂದು ಕೇಳುತ್ತಿದ್ದೆ, ಅವಳು ನನ್ನ ಪಕ್ಕದಲ್ಲೇ ನಿಂತಿರುತ್ತಿದ್ದಳು, ನಾನು ‘ಹೂಂ, ಊಟ ಆಯ್ತು’ ಎಂದು ಇಟ್ಟುಬಿಡುತ್ತಿದ್ದೆ. ನನಗೆ ಕಿವಿ ಮಂದವಾಯಿತು ಎಂದು ನೀನು ಅಂದುಕೊಂಡಿರಬೇಕು.

ನೀನು ಹೇಳಿ ಕಳಿಸಿದ್ದು ಒಂದೇ ಮಾತು. ನಮ್ಮವನು ಹೋಗಿ ಮೂರು ವರ್ಷವಾಯಿತು, ಅವಳಿಗೆ ಇನ್ನೂ ಬದುಕೆಲ್ಲಾ ಮುಂದಿದೆ, ಇನ್ನೊಂದು ಮದುವೆ ಮಾಡಿಕೋ ಎಂದು ನಾವೇ ಬಾಯಿಬಿಟ್ಟು ಹೇಳದಿದ್ದರೆ ಆ ಹುಡುಗಿ ಹಾಗೇ ಉಳಿದುಬಿಡುತ್ತಾಳೆ ಎಂದೆ. ಹೆಂಗಸರು ಹೆಂಗಸರು ಆಡಿಕೊಳ್ಳುವ ಮಾತಿಗೆ ನನ್ನಂಥ ದರ್ಜಿಯನ್ನು ಯಾಕೆ ಅಟ್ಟುತ್ತೀಯ ಎಂದು ನಾನು ಗೊಣಗಿದೆ. ನೀನು ಸುಮ್ಮನೆ ಮಂಡಿ ತೋರಿಸಿದೆ. ನಿನ್ನ ಮಂಡಿಯ ಮುಂದೆ ನನ್ನ ವಾದ ಯಾವತ್ತು ಗೆದ್ದಿದೆ?

ಹಿಂದೆ ಅವನನ್ನು ನೋಡಲು ನಾವಿಬ್ಬರೂ ಈ ಊರಿಗೆ ಬಂದಾಗ ಆಸ್ಪತ್ರೆಯ ಮೆಟ್ಟಿಲು ಬಿಟ್ಟು ಏನನ್ನೂ ನೋಡಿರಲಿಲ್ಲ. ಇಲ್ಲಿ ಸಮುದ್ರ ಇದೆ ಎಂಬುದೇ ನನಗೆ ಈ ಸಲ ಗೊತ್ತಾಯಿತು. ಯಾವ ಬೀದಿ ಹಿಡಿದು ಹೋದರೂ ಕೊನೆಗೆ ನೀರು. ಬಟ್ಟೆ ಒಣಗುವುದೇ ಇಲ್ಲ, ಒಣಗಿದರೂ ಉಪ್ಪು ಹಿಡಿದು ಗಂಜಿ ಹಾಕಿದಂತೆ ನಿಲ್ಲುತ್ತದೆ. ಅವಳ ಕೋಣೆ ಸಣ್ಣದಾದರೂ ಅಚ್ಚುಕಟ್ಟಾಗಿದೆ. ಒಂದು ಕಿಟಕಿ, ಎರಡು ಕುರ್ಚಿ. ಗೋಡೆಯ ಮೇಲೆ ನಮ್ಮವನ ಫೋಟೋ, ತೆಗೆಸಲು ನೀನು ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಿದ್ದೆಯಲ್ಲ, ಅದೇ. ನಾನು ಅದರ ಕೆಳಗೇ ಮಲಗುತ್ತೇನೆ.

ಅವಳು ಬೆಳಗಾಗುವ ಮೊದಲೇ ಡಿಪೋಗೆ ಹೊರಡುತ್ತಾಳೆ. ಸಂಜೆ ಬಂದವಳು ಊಟ ಮಾಡಿದ ತಟ್ಟೆಯ ಮುಂದೆಯೇ ತೂಕಡಿಸುತ್ತಾಳೆ. ಅಂಥವಳನ್ನು ಎಬ್ಬಿಸಿ ಮದುವೆಯ ಮಾತು ತೆಗೆಯಲು ನಾನೇನು ಕಟುಕನೇ? ರಜೆ ಸಿಗಲಿಲ್ಲ ಎಂದು ಅವಳೇ ಪೇಚಾಡಿಕೊಂಡು, ನನ್ನ ಕೈಗೆ ಒಂದು ಪಾಸು ಕೊಟ್ಟಳು. ಟ್ರಾಮು, ಬಸ್ಸು, ಆಚೆ ದಡಕ್ಕೆ ದಾಟಿಸುವ ಫೆರಿ ಎಲ್ಲಕ್ಕೂ ಅದೊಂದೇ. ‘ಇದೊಂದು ಜೇಬಲ್ಲಿದ್ರೆ ಊರೆಲ್ಲಾ ನಿಮ್ದೇ ಮಾವ’ ಎಂದಳು. ಊರು ಕಟ್ಟಿಕೊಂಡು ನನಗೇನಾಗಬೇಕು? ಅವಳು ಓಡಿಸುವ ಟ್ರಾಮು ಯಾವುದು ಎಂದು ಕೇಳಿಕೊಂಡು ಅದನ್ನೇ ಹತ್ತಿದೆ. ಕೂಡಿ ಮಾತಾಡಲು ಬೇರೆ ಜಾಗವಿಲ್ಲದಿದ್ದರೆ ಅವಳು ಕೆಲಸ ಮಾಡುವ ಜಾಗಕ್ಕೇ ಹೋಗುವುದು ಎಂದು ನನ್ನ ಲೆಕ್ಕಾಚಾರ.

ಮೊದಲ ದಿನದ ನನ್ನ ಅವತಾರ ಕೇಳು. ಅವಳನ್ನು ಸೇರಲು ಮೊದಲು ಒಂದು ಬಸ್ಸು ಹಿಡಿಯಬೇಕಿತ್ತು. ನನ್ನ ನಿಲ್ದಾಣ ಬಂತು, ನಾನು ಬಾಗಿಲ ಮುಂದೆ ಸಭ್ಯಸ್ಥನಂತೆ ನಿಂತೆ, ಬಾಗಿಲು ತೆರೆಯಲಿಲ್ಲ, ಬಸ್ಸು ಹೊರಟಿತು. ಮುಂದಿನ ನಿಲ್ದಾಣದಲ್ಲೂ ಅದೇ ಕತೆ. ಇಲ್ಲಿ ಇಳಿಯುವವರೇ ಕಂಬದ ಮೇಲಿನ ಕೆಂಪು ಗುಂಡಿ ಒತ್ತಬೇಕಂತೆ. ಜೀವಮಾನವೆಲ್ಲಾ ಗುಂಡಿ ಹಾಕಿದವನಿಗೆ ಒಂದು ಗುಂಡಿ ಕಾಣಲಿಲ್ಲ ನೋಡು. ಪಕ್ಕದವರು ನಗುತ್ತಾ ಒತ್ತಿ ಇಳಿಸಿದರು. ಮೀನು ಒಣಹಾಕಿದ ಒಂದು ಬೀದಿಯಿಂದ ಮೂಗು ಮುಚ್ಚಿಕೊಂಡು ಹಿಂದಕ್ಕೆ ನಡೆದೆ.

ಟ್ರಾಮಿನಲ್ಲಿ ಇನ್ನೊಂದು. ಅವಳ ಬೆನ್ನು ಕಾಣಲಿ ಎಂದು ಎಲ್ಲರಿಗಿಂತ ಮುಂದಿನ ಸೀಟು ಹಿಡಿದು ರಾಜನಂತೆ ಕೂತೆ. ನಡುವೆ ಗಾಜಿನ ಬಾಗಿಲು, ಅದರ ಮೇಲೆ ‘ಚಾಲಕರೊಂದಿಗೆ ಮಾತನಾಡಬಾರದು’ ಎಂಬ ಬೋರ್ಡು. ಸಂತೆಯ ಬೀದಿ, ಗಡಿಯಾರದ ಗೋಪುರ, ಹಡಗು ರಿಪೇರಿಯ ಅಂಗಳ ಎಲ್ಲಾ ದಾಟಿ ಸಮುದ್ರದ ಪಕ್ಕದ ಕೊನೆಯ ನಿಲ್ದಾಣಕ್ಕೆ ಬಂದೆವು. ಟ್ರಾಮಿಗೆ ಹಿಂದೆ ಮುಂದೆ ಎಂಬುದೇ ಇಲ್ಲವಂತೆ. ಅದು ತಿರುಗುವುದಿಲ್ಲ, ಓಡಿಸುವವರೇ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಅವಳು ನನ್ನ ಪಕ್ಕದಲ್ಲೇ ಹಾದು ಹೋಗುತ್ತಾ ‘ಮಾವ, ಈಗ ಮುಂದೆ ಅಂದ್ರೆ ಆ ಕಡೆ’ ಎಂದು ಭುಜ ತಟ್ಟಿದಳು. ಆಮೇಲೆ ಪ್ರತಿ ಸಲವೂ ಅವಳ ಹಿಂದೆಯೇ ಚೀಲ ಹಿಡಿದು ಆ ತುದಿಗೂ ಈ ತುದಿಗೂ ಓಡುವುದೇ ನನ್ನ ಉದ್ಯೋಗವಾಯಿತು.

ಚೆನ್ನಾಗಿ ಓಡಿಸುತ್ತಾಳೆ ಕಣೇ. ಒಬ್ಬರೂ ಮುಗ್ಗರಿಸುವುದಿಲ್ಲ. ಮುದುಕರು ಕೂರುವವರೆಗೆ ಕಾಯುತ್ತಾಳೆ, ಓಡಿಬರುವವರಿಗೆ ಒಂದು ಉಸಿರು ಹೆಚ್ಚು ನಿಲ್ಲಿಸುತ್ತಾಳೆ. ಮಳೆಬಿದ್ದ ಇಳಿಜಾರಿನಲ್ಲಿ ಅವಳ ಕತ್ತು ನೆಟ್ಟಗಾಗುವುದನ್ನು ನೋಡುತ್ತಾ ನನ್ನ ಹೊಟ್ಟೆಯೊಳಗೆ ಹೆಮ್ಮೆ ಎದ್ದು ಕೂತಿತು. ಮದುವೆಯಾಗಿ ಬಂದಾಗ ಬಾವಿಗೆ ಬಗ್ಗಿ ನೋಡಲು ಹೆದರುತ್ತಿದ್ದ ಹುಡುಗಿ ಇವಳೇನಾ ಎನ್ನಿಸಿತು.

ಮಾತು ಮಾತ್ರ ಮುಂದುವರಿಯಲಿಲ್ಲ. ಕೊನೆಯ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಫ್ಲಾಸ್ಕಿನ ಚಹಾ ಕುಡಿಯುವಷ್ಟೇ ಅವಳಿಗೆ ಬಿಡುವು. ನಾನು ಗಂಟಲು ಸರಿಮಾಡಿಕೊಂಡು ‘ನೋಡು ಮಗೂ, ನಿಮ್ಮತ್ತೆ ಒಂದು ಮಾತು ಹೇಳಿದ್ಳು’ ಎನ್ನುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಅವಳು ಲೋಟ ಕೊಡವಿ ಏಳುತ್ತಿದ್ದಳು. ಮುಂದಿನ ಸುತ್ತಿನಲ್ಲಿ ‘ಅತ್ತೆ ಏನಂದ್ರು ಮಾವ’ ಎಂದು ಕೇಳಿದರೆ ‘ಬಿಸಿಲಲ್ಲಿ ಟೋಪಿ ಹಾಕ್ಕೋಬೇಕಂತೆ’ ಎಂದುಬಿಟ್ಟೆ. ಪಾಪ, ಅವಳು ಮಾರನೆಯ ದಿನ ಟೋಪಿ ಹಾಕಿಕೊಂಡೇ ಬಂದಳು.

ಊರುಗೋಲಿನ ಒಬ್ಬ ಅಜ್ಜಿ ದಿನವೂ ಅದೇ ಟ್ರಾಮಿನಲ್ಲಿ ಮೊಮ್ಮಗಳನ್ನು ನೋಡಲು ಹೋಗುತ್ತಾಳೆ. ನಾನು ಎಲ್ಲೂ ಇಳಿಯದಿರುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಡ್ರೈವರಮ್ಮ ನಿಮಗೇನಾಗಬೇಕು ಎಂದು ಕೇಳಿಯೇಬಿಟ್ಟಳು. ಮಗಳು ಎಂದೆ. ಸೊಸೆ ಎಂದರೆ, ಹಾಗಾದರೆ ಮಗ ಎಲ್ಲಿದ್ದಾನೆ ಎಂದು ಕೇಳುತ್ತಾಳೆ.

ಇನ್ನು ಕೋಟಿನ ವಿಷಯ. ಇಲಾಖೆಯವರು ಅವಳಿಗೆ ಕೊಟ್ಟಿರುವ ನೀಲಿ ಕೋಟು ಯಾವನೋ ಆಜಾನುಬಾಹುವಿಗೆ ಅಳತೆ ತೆಗೆದದ್ದು. ಭುಜ ಮೊಣಕೈಗೆ ಬಂದು ಬೀಳುತ್ತದೆ, ತೋಳಿನೊಳಗೆ ಕೈ ಹುಡುಕಬೇಕು. ದಿನವಿಡೀ ಅದರ ಹಿಂದೆ ಕೂತು ನನ್ನ ಕಣ್ಣು ನೋಯುತ್ತಿತ್ತು. ಬುಧವಾರ ಸಂಜೆ ಅವಳು ಬಂದ ಕೂಡಲೇ ಕೋಟು ಕಿತ್ತುಕೊಂಡು, ಸೂಜಿ ದಾರ ತೆಗೆದು, ಕಿಟಕಿಯ ಬೆಳಕಿಗೆ ಕೂತೆ. ತೋಳು ಬಿಚ್ಚುವ ಮೊದಲು ಗುಂಡಿಗಳನ್ನು ನೋಡುವುದು ನನ್ನ ಅಭ್ಯಾಸ. ಮೂರನೆಯ ಗುಂಡಿಯ ಮೇಲೆ ಬೆರಳು ನಿಂತಿತು.

ಅದನ್ನು ಮೇಣ ಹಚ್ಚಿದ ದಪ್ಪ ದಾರದಲ್ಲಿ ಹೊಲಿದಿದ್ದರು. ಗುಂಡಿಯ ಕುತ್ತಿಗೆಗೆ ಬಿಗಿಯಾಗಿ ಸುತ್ತು ಹಾಕಿ, ಎಳೆದಷ್ಟೂ ಬಿಗಿಯುವ ಗಂಟು. ದರ್ಜಿಗಳ ಗಂಟಲ್ಲ, ಹಗ್ಗದ ಕೆಲಸದವರದು. ನಮ್ಮ ಸೊಸೆಗೂ ಸೂಜಿಗೂ ಹಾವು ಮುಂಗುಸಿ ಸಂಬಂಧ ಎಂಬುದು ನಿನಗೆ ಗೊತ್ತೇ ಇದೆ. ನಮ್ಮವನ ಅಂಗಿಯ ಗುಂಡಿ ಹಾಕಲು ಹೋಗಿ ಜೇಬನ್ನೇ ಹೊಲಿದುಬಿಟ್ಟವಳು. ಅಂಗಡಿಯಲ್ಲಿ ಹೊಲಿಸಿದ್ದೂ ಅಲ್ಲ. ಅಂಗಡಿಯವನು ಒಂದು ಗುಂಡಿಗೆ ಇಷ್ಟು ದಾರ ಸುರಿಯುವುದಿಲ್ಲ. ಅದು ಮತ್ತೆ ಕಿತ್ತು ಬರಬಾರದು, ತೊಟ್ಟವರು ಚಳಿಯಲ್ಲಿ ನಡುಗಬಾರದು ಎಂದುಕೊಂಡವರು ಹೊಲಿದ ಗುಂಡಿ. ಇಷ್ಟು ವರ್ಷ ಈ ಕಸುಬು ಮಾಡಿ ನನಗೆ ಅಷ್ಟೂ ತಿಳಿಯದೇ?

‘ಇದನ್ನ ಯಾರು ಹೊಲಿದದ್ದು ಮಗೂ?’ ಎಂದು ಕೇಳಿದೆ.

ಅವಳು ಒಲೆ ಒರೆಸುತ್ತಿದ್ದಳು. ಕೈ ನಿಂತಿತು. ನನ್ನ ಕಡೆ ತಿರುಗಲಿಲ್ಲ. ‘ಫೆರೀಲಿ ಒಬ್ರಿದಾರೆ ಮಾವ’ ಎಂದಳು. ‘ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ. ನೀವು ಬೇಡ ಅಂದ್ರೆ ಬೇಡ.’

ಆಗ ನೀನು ಕಳಿಸಿದ ಮಾತು ತಾನಾಗಿ ಬಾಯಿಗೆ ಬಂತು. ನಾವಿಬ್ಬರೂ ಅದನ್ನೇ ಕೇಳಲು ಕಾಯುತ್ತಿದ್ದೇವೆ, ನಾನು ಬಂದದ್ದೇ ಅದಕ್ಕೆ, ಟೋಪಿಯ ಮಾತು ಸುಳ್ಳು ಎಂದೆ. ಅವಳು ನೆಲಕ್ಕೆ ಕುಸಿದು, ಒರೆಸುವ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ಆಮೇಲೆ ನಕ್ಕಳು, ಮಸಿ ಮೂಗಿನ ಮೇಲೆಲ್ಲಾ ಆಗಿತ್ತು. ಹೋದ ವರ್ಷ ಅವಳಿಗೆ ಆಚೆ ದಡದ ಡಿಪೋದಲ್ಲಿ ಕೆಲಸವಿತ್ತಂತೆ, ದಿನವೂ ಫೆರಿಯಲ್ಲೇ ಓಡಾಟ. ಅಲ್ಲಿ ಹಗ್ಗ ಎಸೆಯುವವನು ಗಾಳಿಗೆ ಜೋತಾಡುತ್ತಿದ್ದ ಗುಂಡಿ ನೋಡಿ, ನೀರಿಗೆ ಬೀಳುತ್ತೆ ಕೊಡಿ ಎಂದು ಕೋಟು ಇಸಕೊಂಡು, ದಡ ಸೇರುವುದರೊಳಗೆ ಹೊಲಿದುಕೊಟ್ಟನಂತೆ. ಅಲ್ಲಿಂದ ಶುರು.

ನಿನ್ನೆ ನಾನೊಬ್ಬನೇ ಅದೇ ಪಾಸು ತೋರಿಸಿ ಫೆರಿ ಹತ್ತಿದೆ. ನೆಲ ಕಾಲ ಕೆಳಗೆ ಸರಿಯುತ್ತಿದ್ದರೆ ಜೀವ ಕೈಯಲ್ಲಿ ಹಿಡಿದುಕೊಂಡು ಕಂಬ ತಬ್ಬಿಕೊಂಡಿದ್ದೆ. ಹಗ್ಗ ಎಸೆಯುವವನು ಬಂದು ನನ್ನನ್ನು ಬೆಂಚಿಗೆ ಕೂರಿಸಿದ. ನಾನಾರೆಂದು ಹೇಳುವ ಮೊದಲೇ ಅವನಿಗೆ ತಿಳಿದಿತ್ತು, ಫೋಟೋದಲ್ಲಿರುವವರ ಹಾಗೇ ಹಣೆ ಎಂದ. ಮಾತು ಕಡಿಮೆ. ಮದುವೆಯಾದವನಲ್ಲ. ತಾಯಿಯನ್ನು ನೋಡಿಕೊಳ್ಳುತ್ತಾ ವಯಸ್ಸು ಕಳೆದವನು, ಆ ತಾಯಿಯೂ ಈಗಿಲ್ಲ. ದಡಕ್ಕೂ ದೋಣಿಗೂ ಹಗ್ಗ ಬಿಗಿದು ಬಂದು ನನ್ನ ಪಕ್ಕ ಕೂತು, ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಾ ಹೇಳಿದ: ‘ಗೋಡೆ ಮೇಲಿರೋ ಫೋಟೋ ಅಲ್ಲೇ ಇರುತ್ತೆ ಯಜಮಾನ್ರೇ. ಅವರು ತೆಗೀತೀನಿ ಅಂದ್ರು, ನಾನೇ ಬೇಡ ಅಂದೆ.’

ನಾನು ಕಣ್ಣಳತೆಯಲ್ಲೇ ಅವನ ಎದೆ, ಬೆನ್ನು, ತೋಳು ಅಳೆದೆ. ಹಗ್ಗ ಎಳೆದೂ ಎಳೆದೂ ಎಡಭುಜ ಸ್ವಲ್ಪ ಇಳಿದಿದೆ, ಅಲ್ಲಿ ಒಳಗೆ ಹತ್ತಿಯ ಪಟ್ಟಿ ಕೊಡಬೇಕು. ಮದುವೆಗೆ ಕೋಟು ನಾನೇ ಹೊಲಿಯುತ್ತೇನೆ, ಬೇರೆಯವರ ಕೈಗೆ ಬಟ್ಟೆ ಕೊಟ್ಟೀಯ ಜೋಕೆ ಎಂದು ಗದರಿಸಿಯೇ ಬಂದೆ. ಅವನು ತಲೆ ಆಡಿಸಿದ. ಒಳ್ಳೆಯವನು ಕಣೇ. ತಪ್ಪು ಹುಡುಕಲೆಂದೇ ಹೋಗಿ ಬರಿಗೈಯಲ್ಲಿ ಬಂದೆ.

ಭಾನುವಾರದ ರೈಲಿಗೆ ಹೊರಡುತ್ತೇನೆ. ಮದುವೆ ಅವರಿಬ್ಬರಿಗೂ ರಜೆ ಸಿಗುವ ವಾರದಲ್ಲಿ, ಆಡಂಬರ ಇಲ್ಲ. ನೀನು ಬರಲೇಬೇಕು, ಅತ್ತೆ ಬರದೆ ತಾನು ಹಸೆಗೆ ಕೂರುವುದಿಲ್ಲ ಎಂದು ಅವಳು ಹಟ ಹಿಡಿದಿದ್ದಾಳೆ. ಮಂಡಿಗೆ ನಾನು ಜವಾಬ್ದಾರಿ, ಈ ಊರಿನ ಟ್ರಾಮಿಗೆ ಮೆಟ್ಟಿಲು ಒಂದೇ, ಅದೂ ಗೇಣುದ್ದ. ಅಷ್ಟರವರೆಗೆ ಎಣ್ಣೆ ತಿಕ್ಕುವುದನ್ನು ಬಿಡಬೇಡ, ಅಂಗಡಿಯ ಬಾಗಿಲು ಸಂಜೆ ಭದ್ರವಾಗಿ ಹಾಕು. ಎದುರುಮನೆಯ ಕೂಸಿಗೆ ಮುತ್ತು. ನೀನು ನೂರು ಕಾಲ ನನ್ನನ್ನು ಬೈಯುತ್ತಾ ಬಾಳು ಎಂದು ಹರಸುವ,

ನಿನ್ನ
‘ಏನೂಂದ್ರೆ’

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಡಿಸಿದೆ. ನಿನ್ನ ಹತ್ತಿರ ಹೇಳದಿದ್ದರೆ ಇನ್ಯಾರ ಹತ್ತಿರ ಹೇಳಲಿ? ರೈಲಿನಲ್ಲಿ ದಾರಿಯುದ್ದಕ್ಕೂ ನಾನು ಆ ಮಾತನ್ನು ಒಳಗೊಳಗೇ ಆಡಿ ನೋಡಿದ್ದೆ. ನನ್ನ ಮಾತು ಮಾತ್ರ ಅಲ್ಲ, ಅವಳ ಉತ್ತರವನ್ನೂ ನಾನೇ ಹೊಲಿದಿಟ್ಟುಕೊಂಡಿದ್ದೆ. ‘ಬೇಡ ಮಾವ, ನನಗೆ ಅವರ ನೆನಪೇ ಸಾಕು’ ಎನ್ನುತ್ತಾಳೆ, ನಾನು ತಲೆ ಸವರಿ ವಾಪಸು ಬಂದು, ಕೇಳಿದೆ ಕಣೇ, ಒಪ್ಪಲಿಲ್ಲ ಎಂದು ನಿನಗೆ ಹೇಳುತ್ತೇನೆ ಎಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಕೂತು ನಕ್ಕಾಗ ನನಗೆ ಸಂತೋಷ ಆಗಲಿಲ್ಲ. ಹೊಟ್ಟೆ ಉರಿಯಿತು. ನೀನು ಬದುಕಿ ನಗುತ್ತಿದ್ದೀಯ, ಅವನು ಎಲ್ಲಿ ಎಂದು ಕೂಗಬೇಕೆನ್ನಿಸಿತು. ಇಷ್ಟು ದಿನ ಅವನಿಗಾಗಿ ಅಳಲು ನಾವು ಮೂವರಿದ್ದೆವು, ಇನ್ನು ನಾವಿಬ್ಬರೇ. ಅವಳಿಗೆ ಇದು ಯಾವತ್ತೂ ತಿಳಿಯಬಾರದು. ಮದುವೆಗೆ ಬಂದಾಗ ನೀನು ನನ್ನ ಪಕ್ಕದಲ್ಲೇ ನಿಂತಿರು, ನನ್ನ ಮುಖದ ಮೇಲೆ ನನಗೆ ನಂಬಿಕೆಯಿಲ್ಲ. ಅವಳು ಒಲ್ಲೆ ಅನ್ನಲಿ ಅಂತಲೇ ನಾನು ಕೇಳಲು ಬಂದಿದ್ದೆ. ನಿಜ ಹೇಳು, ನೀನೂ ಅದಕ್ಕೇ ಕಳಿಸಿದ್ದಾ?